ಕಡಲುಗಳ್ಳಿಗೆ ಕುಪ್ಪಸ

ಶಿಡ್ಲಘಟ್ಟದಲ್ಲಿ ನಿಂತು ನೋಡಿದರೆ
ಯಾವ ದಿಕ್ಕಿಗೂ ಕಡಲಿಲ್ಲ.
ಆದರೂ ಗೂಡಿನ ಮಾರ್ಕೆಟ್ಟಿನ ಹರಾಜು ಮುಗಿದು
ಬೀದಿ ಸ್ವಲ್ಪ ಕಾಲು ಚಾಚುವ ಹೊತ್ತಿಗೆ
ನನ್ನ ಅಂಗಡಿಗೆ ಬಂದಳು ಒಬ್ಬ ಕಡಲುಗಳ್ಳಿ.
ಬಿ.ಕಾಂ. ಎರಡನೇ ವರ್ಷ,
ರೀಲರ್ ಅಮಾನುಲ್ಲಾರ ಕೊನೆಯ ಮಗಳು, ಮೆಹಜಬೀನ್.

"ಕಾಲೇಜು ನಾಟಕ, ಮುನಿರತ್ನಕ್ಕಾ. ಹಡಗಿಗೆ ನಾನೇ ನಾಯಕಿ.
ನಡು ಬಿಗಿಯೋ ಕುಪ್ಪಸ ಬೇಕು, ಒಳಗೆ ಕಡ್ಡಿ ಇರೋದು."
ಮೊಬೈಲಿನಲ್ಲಿ ಚಿತ್ರ ತೋರಿಸಿದಳು:
ಬಿಳೀ ಹೆಂಗಸು, ಕೈಯಲ್ಲಿ ಕತ್ತಿ,
ಕಣಜದ ನಡು. ಹುಳುವಿನ ಕಣಜ,
ರಾಗಿ ತುಂಬುವ ಕಣಜವಲ್ಲ.
ಪಾಪ, ಉಂಡು ಎಷ್ಟು ದಿನವಾಯಿತೋ, ಅಂದೆ.

ಮೂವತ್ತೊಂದು ವರ್ಷ ರವಿಕೆ ಹೊಲಿದವಳು ನಾನು.
ಬಾಣಂತಿಗೆ ಎರಡಿಂಚು ಬಿಟ್ಟು,
ಮದುವೆ ಹೆಣ್ಣಿಗೆ ಅರ್ಧ ಇಂಚು ಹಿಡಿದು,
ಮೈ ಹೇಳಿದ ಮಾತನ್ನು ಬಟ್ಟೆಗೆ ಕೇಳಿಸುವುದು ಕಸುಬು.
ಇಲ್ಲಿ ಬಟ್ಟೆ ಹೇಳಿದ್ದನ್ನು ಮೈ ಕೇಳಬೇಕಂತೆ.

ಡ್ರಾಮಾ ಕಂಪನಿಯವರು ಬಾಕಿಗೆ ಬಿಟ್ಟುಹೋದ
ಮಖಮಲ್ಲಿನ ಕುಪ್ಪಸ ತೆಗೆದೆ. ಪಾಳೇಗಾರನ ರಾಣಿಯದು.
ಕಂಕುಳಲ್ಲಿ ಎಷ್ಟೋ ರಾಣಿಯರ ಬೆವರು,
ಕೆಲವರಿಗೆ ಮೀಸೆಯೂ ಇತ್ತು.
ಮೂಸಿ ಪಕ್ಕಕ್ಕಿಟ್ಟಳು:
"ರಾಣಿ ಕೂತಿರ್ತಾಳಕ್ಕಾ. ನಾನು ಹಗ್ಗ ಹತ್ತಬೇಕು."

ಆಟೋ ಸೀಟಿನ ಕೆಂಪು ರೆಕ್ಸಿನ್ ಇತ್ತು.
ಅದನ್ನು ನಾನೇ ಬೇಡವೆಂದೆ,
ಮೂರು ಜನ ಬಂದು ಕೂತುಬಿಟ್ಟಾರು.

ಕಡ್ಡಿಯದೇ ಚಿಂತೆ.
ಕೊಡೆಯ ಕಡ್ಡಿಗೆ ತುಕ್ಕು, ಪೊರಕೆ ಕಡ್ಡಿ ಮುರಿದರೆ ಚುಚ್ಚುತ್ತದೆ.
ಹಿತ್ತಲಲ್ಲಿ ತವರಿನ ಹಳೇ ಚಂದ್ರಿಕೆ ಒರಗಿತ್ತು,
ಅದರ ಬಿದಿರು ಸೀಳಿ ತಂದೆ.
ಸಾವಿರ ಹುಳ ಗೂಡು ಕಟ್ಟಿದ ಬಿದಿರು.
ಬಗ್ಗುತ್ತದೆ, ಮುರಿಯುವುದಿಲ್ಲ.
ಆ ಗೂಡುಗಳು ಹೋದದ್ದು ಅವಳಪ್ಪನಂಥವರ ಕುದಿನೀರಿಗೆ.
ಇಬ್ಬರೂ ಆ ಮಾತೆತ್ತಲಿಲ್ಲ.

ಟೇಪು ಸುತ್ತಿದೆ. ನಾನು ಹೇಳುವ ಮೊದಲೇ
ತೋಳೆತ್ತಿ, ಹೊಟ್ಟೆ ಅಲುಗದ ಹಾಗೆ
ಕುತ್ತಿಗೆ ಕೆಳಗಷ್ಟೇ ಉಸಿರಾಡಿದಳು,
ಪಳಗಿದ ಉಸಿರು.
ಯಾರು ಕಲಿಸಿದರೇ ಇದನ್ನ?

"ಎಂಟನೇ ಕ್ಲಾಸಿಂದ ಮೂರು ವರ್ಷ.
ಬೆನ್ನುಮೂಳೆ ಸೊಟ್ಟ ಇತ್ತಲ್ಲ,
ಆಸ್ಪತ್ರೆಯ ಪ್ಲಾಸ್ಟಿಕ್ಕು, ದಿನಕ್ಕೆ ಇಪ್ಪತ್ತು ಗಂಟೆ.
ಬುರ್ಖಾದೊಳಗೆ ಯಾರಿಗೂ ಗೊತ್ತಾಗಲಿಲ್ಲ.
ಪಟ್ಟಿ ಹಿಂದಕ್ಕಿತ್ತು. ರಾತ್ರಿ ತುರಿಸಿದರೆ
ಅಮ್ಮಿಯನ್ನ ಎಬ್ಬಿಸಬೇಕಿತ್ತು."

ನಾನು ಟೇಪನ್ನು ಸುಮ್ಮನೆ ಎರಡು ಸಲ ಓದಿದೆ.

"ಇದಕ್ಕೆ ದಾರ ಮುಂದೆ ಇಡಿ.
ಕಟ್ಟೋದೂ ನಾನೇ, ಬಿಚ್ಚೋದೂ ನಾನೇ.
ಮತ್ತೆ ಎಲ್ಲಾದರ ಮೇಲೆ ಹಾಕ್ಕೊಳ್ಳೋ ಹಾಗಿರಲಿ,
ಹಿಂದಿನ ಬೆಂಚಿಗೂ ಕಾಣಬೇಕು."

ಬಲಗಡೆ ಮುಕ್ಕಾಲು ಇಂಚು ಹೆಚ್ಚು ಬಂತು.
ಸೀಮೆಸುಣ್ಣದಲ್ಲಿ ಎಡಕ್ಕೊಂದು ಗೀಟು, ಬಲಕ್ಕೆ ಇನ್ನೊಂದು,
ಕಾಗದದ ಮೇಲೆ ಎರಡೂ ನೆಂಟರಲ್ಲ.
ಬಟ್ಟೆ ಅವಳೇ ಆರಿಸಿದಳು:
ಮಸಿಬಣ್ಣದ ದುಪಿಯಾನ್,
ಎರಡು ಹುಳ ಒಂದೇ ಗೂಡಲ್ಲಿ ಸಿಕ್ಕಿಕೊಂಡ ರೇಷ್ಮೆ,
ಎಳೆಯುದ್ದಕ್ಕೂ ಗಂಟು.
"ಅಬ್ಬಾಗೆ ಇದು ಕಂಡ್ರೆ ಆಗಲ್ಲ," ಅಂತ ನಕ್ಕಳು.

ಬಾಗಿಲಲ್ಲಿ ನಿಂತು ಕೇಳಿದಳು:
"ಕಡಲು ನೋಡಿದೀರಾ ಅಕ್ಕಾ?"
ಒಂದು ಸಲ, ರಾಮೇಶ್ವರದಲ್ಲಿ.
ಸೆರಗು ಹಿಡಿದುಕೊಂಡೇ ಮುಳುಗಿದ್ದು,
ಸೆರಗು ನೆನಪಿದೆ, ಕಡಲು ಅಷ್ಟಾಗಿ ಇಲ್ಲ.
ನೀನು?
"ಇಲ್ಲ. ಬಾಯಿಪಾಠ ಮಾಡ್ತಿದೀನಿ."

ಶುಕ್ರವಾರ ಬಾ, ಅಂದೆ.
"ಗುರುವಾರಾನೇ ಕೊಡಿ,
ಶುಕ್ರವಾರ ಹಡಗು ಹೊರಡುತ್ತೆ."